ಹೆಡ್‌ಲೈಟಿನ ಬೆಳ್ಳಿ

ಹೆಡ್‌ಲೈಟಿನ ಬಟ್ಟಲಿಗೆ ಬೆರಳು ತಾಗಿಸಿದರೆ ನಮ್ಮ ಮೇಸ್ತ್ರಿ ಆ ಬೆರಳಿನ ಮೇಲೆಯೇ ಸ್ಪ್ಯಾನರಿನಿಂದ ಹೊಡೆಯುತ್ತಿದ್ದ. ಬೈಗುಳ ಆಮೇಲೆ ಬರುತ್ತಿತ್ತು. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯ ಹಿಂದೆ ಅವನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಎಂಬತ್ತರ ದಶಕದ ಕೊನೆಯಲ್ಲಿ ನಾನು ನಾಲ್ಕು ವರ್ಷ ಅಲ್ಲಿ ದುಡಿದೆ. ನನ್ನ ಎಡಗೈಯ ತೋರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕೇಳಿದವರಿಗೆ ಬಾಗಿಲ ಸಂದಿಗೆ ಸಿಕ್ಕಿತ್ತು ಎಂದು ಹೇಳಿಬಿಡುತ್ತೇನೆ.

ಆಗಿನ ಕಾರುಗಳ ದೀಪ ಈಗಿನಂತೆ ಪ್ಲಾಸ್ಟಿಕ್ಕಿನದಲ್ಲ. ಮುಂದೆ ದಪ್ಪ ಗಾಜು, ಅದರ ಹಿಂದೆ ಹಿತ್ತಾಳೆಯ ಬಟ್ಟಲು, ಬಟ್ಟಲಿನ ಒಳಮೈಗೆ ಬೆಳ್ಳಿಯ ಲೇಪ. ಬಲ್ಬು ಸಣ್ಣದು. ಅದರ ಬೆಳಕನ್ನು ದೂರಕ್ಕೆ ಎಸೆಯುತ್ತಿದ್ದದ್ದು ಆ ಬೆಳ್ಳಿ. ರಬ್ಬರು ಸಡಿಲವಾಗಿ ಧೂಳು, ತೇವ ಒಳಗೆ ಹೋದರೆ ಗಾಜು ಮಂಕಾಗುತ್ತಿತ್ತು, ಬೆಳ್ಳಿ ಮೊದಲು ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಮತ್ತೆ ಬೆಳ್ಳಗೆ ಮಾಡುವುದರಲ್ಲಿ ನಮ್ಮ ಮೇಸ್ತ್ರಿಯನ್ನು ಮೀರಿಸಿದವರು ಆ ಕಡೆ ಇರಲಿಲ್ಲ. ಗುಣದಲ್ಲಿ ಅವನು ರಾಕ್ಷಸ, ಕೆಲಸದಲ್ಲಿ ಮಾತ್ರ ಒಂದು ಕೂದಲೆಳೆ ತಪ್ಪುತ್ತಿರಲಿಲ್ಲ.

ಆ ಬೆಳ್ಳಿ ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗಿರುತ್ತದೆ. ಬಟ್ಟೆಯಿಂದ ಒರೆಸಿದರೂ ಗೀರು ಬೀಳುತ್ತದೆ. ಅದಕ್ಕೆ ನಾವು ಬಳಸುತ್ತಿದ್ದದ್ದು ರೇಷ್ಮೆ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಕಸವನ್ನು. ಅದನ್ನು ತರುವ ಕೆಲಸ ನನ್ನದು. ನಮ್ಮ ಮನೆ ಶಿಡ್ಲಘಟ್ಟದಲ್ಲಿತ್ತು, ಅಲ್ಲಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಮ್ಮ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಅವಳು ಆ ಕಸವನ್ನು ಮೂರು ಸಲ ಕುದಿಸಿ, ಅಂಟು ಬಿಡಿಸಿ, ನೆರಳಲ್ಲಿ ಒಣಗಿಸಿ ಕೊಡುತ್ತಿದ್ದಳು. ಮೊದಲು ಅಂಟುವಾಳದ ನೀರಿನಲ್ಲಿ ಬಟ್ಟಲನ್ನು ತೊಳೆಯಬೇಕು. ಆಮೇಲೆ ಹರಳೆಣ್ಣೆ ದೀಪದ ಕಾಡಿಗೆಯನ್ನು ಒಂದು ತೊಟ್ಟು ಸ್ಪಿರಿಟ್ಟಿನಲ್ಲಿ ಕಲಸಿ, ರೇಷ್ಮೆಗೆ ಹಚ್ಚಿ, ನಡುವಿನಿಂದ ಅಂಚಿಗೆ ಎಳೆಯಬೇಕು. ಒಂದೇ ದಿಕ್ಕು. ದುಂಡಗೆ ಸುತ್ತಿಸಿ ಉಜ್ಜಿದರೆ ಬೆಳಕು ಕೆಡುತ್ತದೆ, ಕೆಟ್ಟರೆ ಸ್ಪ್ಯಾನರು.

ಬೆಳ್ಳಿಯನ್ನು ಕೊಲ್ಲುವ ವಿದ್ಯೆ ಮಾತ್ರ ನಮ್ಮ ಕಡೆ ಮನೆಮನೆಗೂ ಗೊತ್ತಿತ್ತು. ಪೂಜೆ ಸಾಮಾನು ಬೆಳಗುವ ಹುಣಸೆಹಣ್ಣು, ಇಟ್ಟಿಗೆ ಪುಡಿ. ನಗರಗೆರೆ ಕಡೆಯ ಜಮೀನ್ದಾರರೊಬ್ಬರು ತಮ್ಮ ಜೀಪಿನ ಬಟ್ಟಲುಗಳನ್ನು ಮನೆಯ ಹೆಂಗಸರ ಕೈಲಿ ಹಬ್ಬದ ಚೊಂಬುಗಳ ಜೊತೆ ಬೆಳಗಿಸಿಬಿಟ್ಟಿದ್ದರು. ಬೆಳ್ಳಿ ಪೂರ್ತಿ ಹೋಗಿ ಕೆಳಗಿನ ಹಿತ್ತಾಳೆ ಚಿನ್ನದಂತೆ ಥಳಥಳ ಅನ್ನುತ್ತಿತ್ತು. ಅವರಿಗೆ ಅದೇ ಖುಷಿ. "ಇಷ್ಟು ಫಳಫಳ ಅಂತಿದ್ರೂ ರಸ್ತೆ ಕಾಣಲ್ವಲ್ಲ" ಎಂದು ದೂರು ಹೇಳಲು ಬಂದಿದ್ದರು. ಹಗಲಲ್ಲಿ ನೋಡಿದರೆ ಹಿತ್ತಾಳೆ ಬೆಳ್ಳಿಗಿಂತ ಚೆನ್ನಾಗಿ ಕಾಣುತ್ತದೆ. ಕತ್ತಲಲ್ಲಿ ಅದು ಬೆಳಕನ್ನು ನುಂಗುತ್ತದೆ, ಮಂಜಿದ್ದರಂತೂ ನಾಲ್ಕು ಮಾರು ಮುಂದೆ ಏನೂ ತೋರಿಸುವುದಿಲ್ಲ. ಜಮೀನ್ದಾರರು ಆಚೆ ಹೋದ ಮೇಲೆ ಮೇಸ್ತ್ರಿ ಆ ಬಟ್ಟಲನ್ನು ಗೋಡೆಗೆ ಎಸೆದ. ಅದು ಪುಟಿದು ಬಂದು ನನ್ನ ಹಣೆಗೆ ಬಡಿಯಿತು. ನಾನು ಕಲಿತದ್ದನ್ನೆಲ್ಲ ಹೀಗೆಯೇ ಕಲಿತೆ.

ಇನ್ನು ಅಕ್ಕನ ವಿಷಯ. ನನಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಚಿಂತಾಮಣಿಗೆ ಕೊಟ್ಟಿದ್ದರು. ಭಾವ ಸ್ವಂತ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಮದುವೆಯಾಗಿ ಏಳು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅದನ್ನು ನೆಪ ಮಾಡಿಕೊಂಡು ಅವಳನ್ನು ಹೊಡೆಯುತ್ತಿದ್ದ. ನೆಪ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಮಗುವಿದ್ದಿದ್ದರೆ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಹೊಡೆಯುತ್ತಿದ್ದ. ಅಂಥ ಕೈಗಳಿಗೆ ಕಾರಣ ಹುಡುಕಿಕೊಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಮಧ್ಯಾಹ್ನದ ಊಟಕ್ಕೆ ಆಗಾಗ ಅಕ್ಕನ ಮನೆಗೆ ಹೋಗುತ್ತಿದ್ದೆ. ಅವಳ ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿರುತ್ತಿತ್ತು, ಮುಂಗೈಯಲ್ಲಿ ಒಡೆದ ಬಳೆ ಚುಚ್ಚಿದ ಗಾಯಗಳಿರುತ್ತಿದ್ದವು. "ಬಿದ್ದೆ ಕಣೋ, ಬಚ್ಚಲಲ್ಲಿ" ಎನ್ನುತ್ತಿದ್ದಳು. ಆ ಬಚ್ಚಲಲ್ಲಿ ಅವಳು ವಾರಕ್ಕೆ ಎರಡು ಸಲ ಬೀಳುತ್ತಿದ್ದಳು. ಒಂದು ದಿನ ನಾನು ಹೊತ್ತಿಗೆ ಮುಂಚೆ ಹೋದೆ. ಕಿಟಕಿಯಿಂದಲೇ ಕಂಡಿತು. ಭಾವ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿಯುತ್ತಿದ್ದ. ಅವಸರವಿಲ್ಲದೆ ಒಂದು, ಎರಡು, ಮೂರು ಸಲ ಬಡಿದ. ಆಮೇಲೆ ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನ ತಲೆ ಬಾಚಿಕೊಂಡ.

ನಾನು ಒಳಗೆ ನುಗ್ಗಿದೆ. ಮುಂದಿನದು ಬೀದಿಗೆಲ್ಲ ಗೊತ್ತು. ಅವನನ್ನು ಕಾಲರು ಹಿಡಿದು ಹೊರಗೆಳೆದು ಮಂಡಿಯ ತನಕ ಅಟ್ಟಿಸಿಕೊಂಡು ಹೋಗಿ ಟೊಮೆಟೊ ಪೆಟ್ಟಿಗೆಗಳ ನಡುವೆ ಕೆಡವಿಕೊಂಡು ಹೊಡೆದೆ. ಪೆಟ್ಟಿಗೆಯ ಹಲಗೆ ಮುರಿದು ಮೊಳೆ ಅವನ ತುಟಿಯನ್ನು ಸೀಳಿತು. ರಕ್ತ ಯಾವುದು, ಟೊಮೆಟೊ ಯಾವುದು ಎಂದು ತಿಳಿಯದಂತೆ ಆಗಿತ್ತು. ನನಗೆ ತುಂಬ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಮಾಲಿಗಳು ಬಂದು ಬಿಡಿಸಿದರು.

ಆ ಸಂತೋಷಕ್ಕೆ ಅಕ್ಕ ಮರುದಿನ ಎರಡು ಹಲ್ಲು ಕೊಟ್ಟಳು. ನಾನು ಹೋದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡಿದಳು.

"ನೀನು ಒಂದು ಹೊಡೆದ್ರೆ ನಂಗೆ ಹತ್ತು ಬೀಳ್ತವೆ. ಬೇಡಪ್ಪ. ಸುಮ್ನಿರು."

"ಮನೆಗೆ ಬಂದ್ಬಿಡಕ್ಕಾ."

"ಬರ್ತೀನಿ. ಬರೋವಾಗ ನಾನೇ ಬರ್ತೀನಿ. ನೀನು ಕೈ ಹಾಕ್ಬೇಡ."

ನಾನು ಕೈ ಹಾಕಲಿಲ್ಲ. ಭಾವ ಅಂಗಡಿಯ ಮುಂದೆ ಹಾದರೂ ತಲೆ ಎತ್ತಲಿಲ್ಲ. ಒಳಗೆ ಮಾತ್ರ ದಿನವೂ ಅವನನ್ನು ಕೊಲ್ಲುತ್ತಿದ್ದೆ. ಅವನು ಇದ್ದರೆ ಅಕ್ಕ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಯಾರ ಕೈಯೂ ಕಾಣದಂತೆ ಅವನು ಇಲ್ಲವಾಗಬೇಕು ಎನ್ನುವುದೊಂದೇ ಯೋಚನೆ.

ಆ ಡಿಸೆಂಬರಿನ ಒಂದು ಶನಿವಾರ ಮೇಸ್ತ್ರಿ ನೆಂಟರ ಮನೆಯ ಕಾರ್ಯಕ್ಕೆಂದು ಗೌರಿಬಿದನೂರಿಗೆ ಹೋಗಿದ್ದ. ಹನ್ನೊಂದು ಗಂಟೆಗೆ ಭಾವ ಕಾರು ತಂದು ನಿಲ್ಲಿಸಿದ. ಮಂಡಿಯ ಜಗಳದ ಮೇಲೆ ಅವನು ನಮ್ಮ ಅಂಗಡಿಗೆ ಬಂದದ್ದು ಅದೇ ಮೊದಲು.

"ಎರಡು ಲೈಟೂ ಹಳದಿ ಆಗಿವೆ. ನಾಳೆ ಬೆಳಗಿನ ಜಾವ ಬಾಡಿಗೆ ಐತೆ, ಗೌರಿಬಿದನೂರು ಕಡೆ. ಮಂಜು ಬೇರೆ. ನೀನೇ ಮಾಡ್ಕೊಡು, ನಿನ್ ಕೈ ಚೆನ್ನಾಗಿದೆ ಅಂತಾರೆ" ಎಂದ. ತುಟಿಯ ಮೇಲೆ ಮೊಳೆಯ ಗುರುತು ಹಾಗೆಯೇ ಇತ್ತು. ಸಂಜೆ ಬರುತ್ತೇನೆಂದು ಹೇಳಿ ಕಾರು ಬಿಟ್ಟು ಹೋದ.

ನಾನು ರಿಂಗು ತೆಗೆದು, ಗಾಜು ಬಿಚ್ಚಿ, ಬಟ್ಟಲುಗಳನ್ನು ಬೆಂಚಿನ ಮೇಲಿಟ್ಟೆ. ಬೆಳ್ಳಿ ಹಳದಿಯಾಗಿತ್ತು, ಆದರೆ ಎಲ್ಲೂ ಕಿತ್ತುಬಂದಿರಲಿಲ್ಲ. ಎರಡು ಗಂಟೆಯ ಕೆಲಸದಲ್ಲಿ ಹೊಸದರಂತೆ ಆಗುತ್ತಿತ್ತು. ಇಂಥ ಹೊತ್ತಲ್ಲಿ ಕೈ ತಾನಾಗಿ ಹೋಯಿತು ಎಂದು ಬರೆಯುವವರಿದ್ದಾರೆ. ನನ್ನ ಕೈ ತಾನಾಗಿ ಹೋಗಲಿಲ್ಲ. ನಾನೇ ಎದ್ದು ಎದುರಿನ ಹೋಟೆಲಿಗೆ ಹೋಗಿ ಒಂದು ಹಿಡಿ ಹುಣಸೆಹಣ್ಣು ಕೇಳಿ ತಂದೆ. ಹಿಂದಿನ ಗೋಡೆಯ ಇಟ್ಟಿಗೆಯೊಂದನ್ನು ಕುಟ್ಟಿ ಪುಡಿ ಮಾಡಿದೆ. ಅಮ್ಮ ಕುದಿಸಿಕೊಟ್ಟ ರೇಷ್ಮೆಯನ್ನು ಪಕ್ಕಕ್ಕಿಟ್ಟು ತೆಂಗಿನ ನಾರು ಹಿಡಿದೆ. ದುಂಡಗೆ, ದುಂಡಗೆ, ಹಲ್ಲು ಕಚ್ಚಿಕೊಂಡು ಉಜ್ಜಿದೆ. ಅಕ್ಕನ ಹಣೆ ಚೌಕಟ್ಟಿಗೆ ಬಡಿದ ಸದ್ದನ್ನು ನೆನೆದುಕೊಂಡೇ ಉಜ್ಜಿದೆ. ಬೆಳ್ಳಿ ಬೂದಿ ಬಣ್ಣದ ನೀರಾಗಿ ಹರಿದುಹೋಯಿತು. ಅವನು ಸಾಯಲಿ ಎಂದೇ ಮಾಡಿದೆ. ಚಿಂತಾಮಣಿಯಿಂದ ಬರುವ ರಸ್ತೆ ಶಿಡ್ಲಘಟ್ಟದ ಹತ್ತಿರ ಕೆರೆ ಏರಿಯ ಮೇಲೆ ಸೊಂಟ ಮುರಿದಂತೆ ತಿರುಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಹುಣಸೆ ಮರಗಳು. ಎರಡರಲ್ಲಿ ಯಾವುದಾದರೂ ಸರಿ ಎಂದುಕೊಂಡೆ. ಬಾಡಿಗೆ ಕಾರಿನಲ್ಲಿ ಬೇರೆಯವರೂ ಕೂತಿರುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ, ಪ್ರಮಾಣ ಮಾಡಲಾರೆ.

ಗಾಜನ್ನು ಮಾತ್ರ ಒಳಗೂ ಹೊರಗೂ ಕಣ್ಣೀರಿನಷ್ಟು ತಿಳಿಯಾಗಿ ತೊಳೆದು ಕೂರಿಸಿದೆ. ನಾಲ್ಕು ಗಂಟೆಯ ಬಿಸಿಲಲ್ಲಿ ಭಾವ ಬಂದು ನೋಡಿದ. ಗಾಜಿನ ಹಿಂದೆ ಹಿತ್ತಾಳೆ ಝಗಝಗ ಅನ್ನುತ್ತಿತ್ತು. ಹೊಸ ಮದುಮಗಳ ಥರ ಇದೆ ಎಂದ. ಆಮೇಲೆ "ಆವತ್ತಿನದೆಲ್ಲ ಮನಸಲ್ಲಿ ಇಟ್ಕೋಬೇಡ" ಎಂದು ನನಗೊಂದು ಟೀ ತರಿಸಿಕೊಟ್ಟ. ನಾನು ಕುಡಿದೆ.

ಭಾನುವಾರ ಐದು ಗಂಟೆಗೆ ಎಚ್ಚರವಾದಾಗ ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ. ರಜೆಯ ದಿನ ಅಮ್ಮ ಅಷ್ಟು ಬೇಗ ಏಳುವವಳಲ್ಲ. ಎದ್ದು ಹೋಗಿ ನೋಡಿದೆ. ಚಿತ್ರಾನ್ನ ಕಲಸುತ್ತಿದ್ದಳು. ಪಕ್ಕದಲ್ಲಿ ಹೊಸ ಸೀರೆ, ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ.

"ಯಾರಿಗಮ್ಮ?"

"ನಿಮ್ಮಕ್ಕಂಗೆ. ವಿದುರಾಶ್ವತ್ಥಕ್ಕೆ ಹೋಗ್ತಾವ್ರೆ ಗಂಡ ಹೆಂಡ್ತಿ, ಮಕ್ಕಳಾಗ್ಲಿ ಅಂತ ನಾಗರಕಲ್ಲು ನಿಲ್ಸೋಕೆ. ನಲವತ್ತೆಂಟು ದಿನ ನೀರಲ್ಲಿ ಇಟ್ಟಿದ್ರು ಕಲ್ಲನ್ನ. ಕಲ್ಲು ನಿಲ್ಸೋ ತನಕ ಗಂಡಸರ್ಯಾರ್ಗೂ ಬಾಯಿ ಬಿಡ್ಬಾರ್ದು ಅಂತ ಅವರತ್ತೆ ಕಟ್ಟಪ್ಪಣೆ ಮಾಡವ್ಳೆ, ಅದಕ್ಕೇ ನಿಂಗೆ ಹೇಳ್ಲಿಲ್ಲ, ನಿಮ್ ಭಾವನೂ ಬಾಡಿಗೆ ಅಂತ್ಲೇ ಹೇಳ್ಕೊಂಡವ್ನೆ. ಈಗ ಇಲ್ಲಿಗೇ ಬರ್ತಾರೆ."

"ಯಾವುದ್ರಲ್ಲಿ?"

"ಕಾರಲ್ಲಿ ಕಣಪ್ಪ, ಇನ್ಯಾವುದ್ರಲ್ಲಿ?"

ಅಂಗಿಯ ಗುಂಡಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಸೈಕಲ್ಲು ಹತ್ತಿ ಕೆರೆ ಏರಿಯ ಕಡೆ ತುಳಿದೆ. ಮಂಜು ಎಷ್ಟಿತ್ತೆಂದರೆ ಹ್ಯಾಂಡಲ್ಲಿನಾಚೆ ನನ್ನ ಮುಂದಿನ ಚಕ್ರವೇ ಕಾಣುತ್ತಿರಲಿಲ್ಲ. ಎರಡು ಸಲ ಬಿದ್ದೆ. ಬಾಯಲ್ಲಿ "ಅಕ್ಕಾ, ಅಕ್ಕಾ" ಎಂದು ಬರುತ್ತಿತ್ತು, ಚಿಕ್ಕ ಮಗುವಿನ ಹಾಗೆ. ತಿರುವಿನ ಹತ್ತಿರ ಸೈಕಲ್ಲು ಬಿಸಾಕಿ ನಿಂತೆ. ಎಂಜಿನ್ನಿನ ಸದ್ದು ಮೊದಲು ಬಂತು. ಎಷ್ಟೋ ಹೊತ್ತಿನ ಮೇಲೆ ಎರಡು ಮಂಕು ಚುಕ್ಕೆಗಳು ಕಂಡವು. ಎಣ್ಣೆ ಮುಗಿದ ಹಣತೆಗಳಂತಿದ್ದವು. ಅಷ್ಟರಲ್ಲಾಗಲೇ ಅವು ತೀರಾ ಹತ್ತಿರ ಬಂದಿದ್ದವು.

ನಾನು ರಸ್ತೆಯ ನಡುವೆ ಹೋಗಿ ಎರಡೂ ಕೈ ಬೀಸಿದೆ. ಆ ದೀಪಗಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಬೇರೇನೂ ತೋಚಲಿಲ್ಲ. ಕಾರು ನಾಲ್ಕು ಮಾರು ದೂರಕ್ಕೆ ಬಂದಾಗ ಅವನಿಗೆ ನಾನು ಕಂಡೆ. ನೀರಿನ ಕಡೆ ತಿರುಗಿಸದೆ ಮರದ ಕಡೆ ತಿರುಗಿಸಿದ. ಬಂಪರು ನನ್ನ ಬಲ ಮೊಣಕಾಲಿಗೆ ಬಡಿಯಿತು. ಮೂಳೆ ಒಡೆಯುವ ಸದ್ದು ಹಸಿ ಕಬ್ಬು ಮುರಿದಂತೆ ಕೇಳಿತು. ಆ ಸದ್ದು ನನ್ನದೇ ಎಂದು ತಿಳಿಯುವುದಕ್ಕೆ ಒಂದು ಕ್ಷಣ ಬೇಕಾಯಿತು. ಕಾರು ಮರಕ್ಕೆ ಗುದ್ದಿ ನಿಂತಿತು.

ಅಕ್ಕ ಹಿಂದಿನ ಸೀಟಿನಲ್ಲಿ ಹಳದಿ ಬಟ್ಟೆ ಸುತ್ತಿದ ನಾಗರಕಲ್ಲನ್ನು ತಬ್ಬಿಕೊಂಡು ಕೂತಿದ್ದಳು. ಗುದ್ದಿದ ರಭಸಕ್ಕೆ ಕಲ್ಲು ಜಾರಿ ಅವಳ ಎಡಗೈಯನ್ನು ಮುಂದಿನ ಸೀಟಿನ ಕಬ್ಬಿಣಕ್ಕೆ ಒತ್ತಿ ಎರಡು ಬೆರಳುಗಳನ್ನು ಜಜ್ಜಿತ್ತು. ಅವಳು ಕೈಯಿಂದ ರಕ್ತ ಸುರಿಸುತ್ತಲೇ ಇಳಿದು ಬಂದಳು. ಕಲ್ಲು ಹೆಡೆಯ ಹತ್ತಿರ ಎರಡು ತುಂಡಾಗಿತ್ತು.

ನನ್ನನ್ನು ಎತ್ತಿಕೊಂಡವನು ಭಾವನೇ. "ಕಾಣ್ಲಿಲ್ಲ ಕಣೋ, ದೇವರಾಣೆ ಕಾಣ್ಲಿಲ್ಲ" ಎಂದು ಅಳುತ್ತಿದ್ದ. ಟೊಮೆಟೊ ಲಾರಿಯೊಂದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ. ಇಷ್ಟು ಬರೆದು ಬಿಟ್ಟರೆ ಅವನು ಒಳ್ಳೆಯವನೆನ್ನಿಸುತ್ತಾನೆ. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕನ ಬೆರಳಿಗೆ ಹೊಲಿಗೆ ಹಾಕಿ ಹೊರಗೆ ಕಳುಹಿಸಿದ ಕೂಡಲೇ, ನರ್ಸಿನ ಎದುರೇ ಅವಳ ಕೆನ್ನೆಗೆ ಬಾರಿಸಿದ. "ನಾಗಪ್ಪನ ಕಲ್ಲೇ ಒಡ್ಕೊಳ್ತು ನಿನ್ ಪಾಪಕ್ಕೆ" ಎಂದ. ನಾನು ಸ್ಟ್ರೆಚರಿನ ಮೇಲಿಂದ ನೋಡಿದೆ. ಆ ಪಾಪ ಯಾರದು ಎಂದು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಜೈಲಿನ ಭಯ ಅನ್ನಿ, ಹೇಡಿತನ ಅನ್ನಿ, ಎರಡೂ ಹೌದು.

ಮೂರನೆಯ ದಿನ ಅಕ್ಕ ಗಂಜಿ ತಂದಳು. ಅವತ್ತು ಅವಳೊಬ್ಬಳೇ ಇದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಹುಣಸೆಹಣ್ಣು, ಇಟ್ಟಿಗೆ ಪುಡಿ, ಕೆರೆ ಏರಿಯ ಲೆಕ್ಕಾಚಾರ, ಏನನ್ನೂ ಬಿಡಲಿಲ್ಲ. ನಿನಗೋಸ್ಕರ ಮಾಡಿದೆ ಎಂದೂ ಹೇಳಿದೆ. ಆ ಮಾತು ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವಳು ಗಂಜಿಯ ಪಾತ್ರೆಯನ್ನು ಕೆಳಗಿಟ್ಟು ಬಲಗೈಯಿಂದ ನನ್ನ ಮುಖಕ್ಕೆ ಹೊಡೆದಳು. ಎಷ್ಟು ಸಲ ಎಂದು ಎಣಿಸಲಿಲ್ಲ. ಪಕ್ಕದ ಹಾಸಿಗೆಯವರು ಎದ್ದು ಕೂತರು. ನನ್ನ ಮೂಗಿನಿಂದ ರಕ್ತ ಬಂದ ಮೇಲೆ ನಿಲ್ಲಿಸಿದಳು. ಏಳು ವರ್ಷ ಏಟು ತಿಂದವಳಿಗೆ ಎಲ್ಲಿಗೆ ಹೊಡೆಯಬೇಕೆಂದು ಗೊತ್ತಿತ್ತು. ಆಮೇಲೆ ಏದುಸಿರು ಬಿಡುತ್ತ, ತಗ್ಗಿದ ದನಿಯಲ್ಲಿ ಹೇಳಿದಳು:

"ಅವನು ಕೈ ಎತ್ತೋದು ನಂಗೆ ಕಾಣ್ತದೆ ಕಣೋ. ಮುಖ ಮುಚ್ಕೋತೀನಿ, ಹೊಟ್ಟೆ ಮುಚ್ಕೋತೀನಿ. ನೀನು ಎತ್ತಿದ್ದು ಕಾಣ್ಲಿಲ್ಲ."

ಅವಳು ನನ್ನ ಮೂಗಿನ ರಕ್ತ ಒರೆಸಿ, ಗಂಜಿ ಕುಡಿಸಿ, ಗಂಡನ ಮನೆಗೆ ಹೊರಟುಹೋದಳು.

ಅಲ್ಲಿ ಅವಳಿಗೆ ಮೊದಲಿಗಿಂತ ಹೆಚ್ಚು ಬಿತ್ತು. ಒಡೆದ ನಾಗರಕಲ್ಲು ಅವರ ಮನೆಯಲ್ಲಿ ಅವಳ ಮೇಲಿನ ತೀರ್ಪಾಗಿತ್ತು. ಅತ್ತೆ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟಳು. ಭಾವ ಒಮ್ಮೆ ಕಾರಿನ ಜಾಕಿಯ ರಾಡಿನಿಂದ ಹೊಡೆದು ಅವಳ ಭುಜ ಮುರಿದ. ದೀಪ ಹಾಳು ಮಾಡಿದ್ದು ತಮ್ಮ ಎಂದು ಅವಳು ಒಂದು ಮಾತು ಹೇಳಿದ್ದರೆ ಆ ತೀರ್ಪು ಬಿದ್ದುಹೋಗುತ್ತಿತ್ತು. ಅವಳು ಹೇಳಲಿಲ್ಲ. ಮೂರು ತಿಂಗಳು ಪ್ಲಾಸ್ಟರಿನಲ್ಲಿ ಕಾಲು ಚಾಚಿಕೊಂಡು ಮಲಗಿದ್ದ ನಾನೂ ಹೇಳಲಿಲ್ಲ.

ಯುಗಾದಿ ಕಳೆದ ಒಂದು ವಾರಕ್ಕೆ, ಹಗಲು ಹನ್ನೆರಡಕ್ಕೆ, ಅಕ್ಕ ಉಟ್ಟ ಸೀರೆಯಲ್ಲೇ ಚಿಂತಾಮಣಿಯ ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ ಶಿಡ್ಲಘಟ್ಟದ ಬಸ್ಸು ಹತ್ತಿದಳು. ಮುರಿದ ಭುಜದ ಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು. ಬಾಗಿಲಲ್ಲಿ ಅವಳನ್ನು ನೋಡಿ ಅಮ್ಮ ಅತ್ತಳು. ಅಕ್ಕ, "ಬರ್ತೀನಿ ಅಂದಿದ್ನಲ್ಲ, ಬಂದಿದೀನಿ" ಎಂದಳು. ಎರಡು ದಿನಕ್ಕೆ ಭಾವ ಹುಡುಕಿಕೊಂಡು ಬಂದ. ಬೀದಿಯಲ್ಲಿ ನಿಂತು ಕೂಗಾಡಿ, ಅವಳ ಜಡೆಗೆ ಕೈ ಹಾಕಿದ. ಅಮ್ಮನ ಜೊತೆ ನೂಲು ಬಿಚ್ಚುತ್ತಿದ್ದ ಹೆಂಗಸರು ಹತ್ತು ಹನ್ನೆರಡು ಮಂದಿ ಬಿಸಿನೀರಿನ ಬಕೆಟ್ಟುಗಳನ್ನು ಹಿಡಿದು ಬಂದರು. ಒಂದು ಬಕೆಟ್ಟು ಅವನ ಕಾಲಿನ ಮೇಲೆ ಹೋಯಿತು. ಚಪ್ಪಲಿ ಬಿಟ್ಟು ಓಡಿದ. ನಾನು ಊರುಗೋಲು ಹಿಡಿದು ಹೊಸ್ತಿಲಲ್ಲೇ ಇದ್ದೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ತೊಂಬತ್ತರ ದಶಕ ಬಂತು. ನನ್ನ ಮೊಣಕಾಲು ಕೂಡಿತು, ಆದರೆ ಸೊಟ್ಟಗೆ. ನಾನು ಶಿಡ್ಲಘಟ್ಟದಲ್ಲೇ, ನಮ್ಮ ಬೀದಿಯ ಕೊನೆಗೆ, ಹೆಡ್‌ಲೈಟಿನ ಸ್ವಂತ ಅಂಗಡಿ ಇಟ್ಟೆ. ಮಂಕಾದ ದೀಪಗಳನ್ನು ತಿಳಿ ಮಾಡಿಸಲು ಗೌರಿಬಿದನೂರಿನಿಂದಲೂ ಜನ ಬರುತ್ತಾರೆ. ಅಕ್ಕ ಮೊದಲು ಅಮ್ಮನ ತೊಟ್ಟಿಯ ಪಕ್ಕದಲ್ಲಿ ಕೂತು ನೂಲು ಬಿಚ್ಚಿದಳು, ಆಮೇಲೆ ಅಂಗನವಾಡಿಗೆ ಸೇರಿದಳು. ಬೇರೆಯವರ ಮಕ್ಕಳು ಮೂವತ್ತು ಮಂದಿ ಅವಳ ಸೆರಗು ಹಿಡಿದು ಓಡಾಡುತ್ತಾರೆ. ನನ್ನ ಜೊತೆ ಮಾತಾಡುತ್ತಾಳೆ, ನಗುತ್ತಾಳೆ, ಹಬ್ಬಕ್ಕೆ ಹೋಳಿಗೆ ಬಡಿಸುತ್ತಾಳೆ. ಒಂದು ಸಲ ಅಮ್ಮ, ಕಲ್ಲು ಒಡೆದದ್ದೇ ಒಳ್ಳೇದಾಯ್ತು, ಅದರಿಂದಲೇ ನೀನು ಬಿಡುಗಡೆಯಾದೆ ಎಂದಾಗ, ಅಕ್ಕ ನನ್ನ ಮುಖ ನೋಡಿ, "ನನ್ನ ಬಿಡಿಸಿದ್ದು ಬಸ್ಸು. ನಾನೇ ಟಿಕೀಟು ತಗೊಂಡಿದ್ದೆ" ಎಂದಳು. ನಾನು ತಲೆ ತಗ್ಗಿಸಿ ಊಟ ಮುಂದುವರಿಸಿದೆ.

ಹಳ್ಳಿಯ ಅಂಗನವಾಡಿಗೆ ಹೋಗಿಬರಲು ಅವಳು ಒಂದು ಮೊಪೆಡ್ ಕೊಂಡಿದ್ದಾಳೆ. ಜಜ್ಜಿದ ಬೆರಳುಗಳಲ್ಲಿ ಬ್ರೇಕು ಹಿಡಿಯಲು ಬರುವುದಿಲ್ಲ, ಉಳಿದ ಎರಡರಲ್ಲೇ ಹಿಡಿಯುತ್ತಾಳೆ. ದಿನವೂ ಬೆಳಿಗ್ಗೆ ನನ್ನ ಅಂಗಡಿಯ ಮುಂದೆಯೇ ಹೋಗುತ್ತಾಳೆ, ಹಾರ್ನ್ ಮಾಡುತ್ತಾಳೆ, ನಾನು ಕೈ ಎತ್ತುತ್ತೇನೆ. ಕಳೆದ ಚಳಿಗಾಲ ಅದರ ದೀಪ ಮಂಕಾಗಿತ್ತು. ನಾನು ಅಮ್ಮನ ರೇಷ್ಮೆ, ಕಾಡಿಗೆ ಎಲ್ಲ ತೆಗೆದಿಟ್ಟುಕೊಂಡು ಒಂದು ವಾರ ಕಾದೆ. ಅಕ್ಕ ಅದನ್ನು ಚಿಕ್ಕಬಳ್ಳಾಪುರದ ತನಕ ಓಡಿಸಿಕೊಂಡು ಹೋಗಿ, ಅಲ್ಲಿ ಯಾರದೋ ಅಂಗಡಿಯಲ್ಲಿ ಸರಿ ಮಾಡಿಸಿಕೊಂಡು ಬಂದಳು.